ಡಾಕ್ಟರೇಟ್‌ಗೆ 30 ಸಾವಿರ ಕೇಳುತ್ತಿದ್ದಾರೆ

ಮೇಡಂ, ನಮ್ಮಪ್ಪನಿಗೆ 70 ವರ್ಷ. ಮೂಡಲಪಾಯ ಯಕ್ಷಗಾನದ ಭಾಗವತರು. ತಿಪಟೂರು, ತುರುವೇಕೆರೆ ಕಡೆ ಊರೂರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಆಟ ಕಲಿಸಿದ್ದಾರೆ. ರಾಜ್ಯೋತ್ಸವ ಪ್ರಶಸ್ತಿ ಪಟ್ಟಿ ಬಂದ ದಿನ ಪೇಪರನ್ನು ಮೇಲಿಂದ ಕೆಳಗೆ ಓದಿ ಮಡಚಿಡುತ್ತಾರೆ, ಆಮೇಲೆ ಎರಡು ದಿನ ಯಾರ ಹತ್ತಿರವೂ ಮಾತಿಲ್ಲ. ಈಗ ಯಾರೋ ಫೋನ್ ಮಾಡಿ, ಹೊಸೂರಿನ ಹೋಟೆಲಿನಲ್ಲಿ ಗೌರವ ಡಾಕ್ಟರೇಟ್ ಕೊಡುತ್ತೇವೆ, 30 ಸಾವಿರ ಕಟ್ಟಿ ಎಂದಿದ್ದಾರೆ. ಅಮ್ಮನ ಸರ ಅಡವಿಡುವ ಮಾತು ನಡೆದಿದೆ. 'ಪ್ರಶಸ್ತಿಯಿಂದ ಏನು ಬರುತ್ತಪ್ಪಾ' ಅಂದಿದ್ದಕ್ಕೆ ನನ್ನ ಮೇಲೇ ಮುನಿಸು. ಏನು ಮಾಡಲಿ?
– ಹೆಸರು ಬೇಡ

ತಂಗಿ, ಮೊದಲು ಆ ಸರ ಅಡವಿಗೆ ಹೋಗದಂತೆ ನೋಡಿಕೊಳ್ಳಿ. ಪದವಿ ಕೊಡುವ ಹಕ್ಕು ಕಾನೂನಿನ ಪ್ರಕಾರ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮಾತ್ರ. ನಕಲಿಗಳ ಪಟ್ಟಿಯನ್ನು ಯುಜಿಸಿಯೇ ಹೊರಡಿಸುತ್ತದೆ. ಅಪ್ಪ ಕಾಯುತ್ತಿರುವ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ಸರ್ಕಾರವೇ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಕೊಡುತ್ತದೆ. ಕೊಡುವವರು ದುಡ್ಡು ಕೇಳುವುದಿಲ್ಲ ಎಂದು ಅವರಿಗೆ ಹೇಳಿ.

ಆದರೆ 'ಏನು ಬರುತ್ತಪ್ಪಾ' ಅಂದಿರಲ್ಲ, ಅದು ಅವರಿಗೆ ಚುಚ್ಚಿದೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿದವರಿಗೆ ಶಿಳ್ಳೆ ಬಿತ್ತು, ಮುಯ್ಯಿ ಬಿತ್ತು. ರಾತ್ರಿಯೆಲ್ಲ ಹಿಂದೆ ತಾಳ ಹಿಡಿದು ನಿಂತವರಿಗೆ ಬೆಳಗಿನ ಜಾವ ಒಂದು ಲೋಟ ಕಾಫಿ. ಎಪ್ಪತ್ತರಲ್ಲಿ ಒಮ್ಮೆ ತಮ್ಮ ಹೆಸರನ್ನೂ ಮೈಕಿನಲ್ಲಿ ಕೂಗಲಿ ಎಂಬ ಆಸೆ ತಪ್ಪೇನಲ್ಲ. (ಪ್ರಶಸ್ತಿಯ ಹಂಬಲ ಸಣ್ಣತನ ಎನ್ನುವವರನ್ನು ಗಮನಿಸಿ ನೋಡಿ, ಬಹಳ ಜನ ಈಗಾಗಲೇ ಪಡೆದವರೇ.)

ಇನ್ನು ಆ ರಾಜ್ಯೋತ್ಸವ ಪಟ್ಟಿ. 2024ರಲ್ಲಿ ಅದರಲ್ಲಿದ್ದವರು 69 ಜನ. ಸಾಹಿತ್ಯ, ಕೃಷಿ, ಕ್ರೀಡೆ, ವೈದ್ಯಕೀಯ ಎಲ್ಲಕ್ಕೂ ಹಂಚಿದ ಮೇಲೆ ಯಕ್ಷಗಾನ, ಬಯಲಾಟಕ್ಕೆ ಉಳಿಯುವುದು ಬೆರಳೆಣಿಕೆಯಷ್ಟು. ಹೆಸರಿಲ್ಲ ಎಂದರೆ ಕಲೆಯನ್ನು ತೂಗಿ ಬೇಡ ಎಂದರು ಎಂದಲ್ಲ. ಬಹುಶಃ ಆ ಹೆಸರು ಆಯ್ಕೆ ಮಾಡುವವರ ಮೇಜಿನವರೆಗೆ ಹೋಗಿಯೇ ಇಲ್ಲ.

ಯೋಗ್ಯತೆ ಇದ್ದರೆ ಪ್ರಶಸ್ತಿ ಮನೆಗೇ ಬರುತ್ತದೆ ಎನ್ನುವವರು ಹರೇಕಳ ಹಾಜಬ್ಬರ ಉದಾಹರಣೆ ಕೊಡುತ್ತಾರೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ರೇಷನ್ ಅಂಗಡಿ ಮುಂದೆ ಕ್ಯೂನಲ್ಲಿದ್ದರು. ನಿಜವೇ. ಆದರೆ ವರ್ಷಗಳ ಮುಂಚಿನಿಂದ ಪತ್ರಿಕೆಗಳು ಅವರ ಬಗ್ಗೆ ಬರೆಯುತ್ತಲೇ ಇದ್ದವು. ನಿಮ್ಮಪ್ಪನ ಬಗ್ಗೆ ಯಾರು ಬರೆದಿದ್ದಾರೆ?

ನೀವೇ ಬರೆಯಿರಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು. ಸಾಧನೆಯ ವಿವರ 800 ಪದ ಮೀರಬಾರದು, ಅಷ್ಟೆ. ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ಬರೆಯಬೇಕಾದರೂ ನೀವು ಅಪ್ಪನ ಎದುರು ಕೂತು ಕೇಳಬೇಕಾಗುತ್ತದೆ. ಯಾವ ಊರಿನಲ್ಲಿ ಯಾವ ಪ್ರಸಂಗ, ಮದ್ದಳೆಗೆ ಯಾರು, ಮುಖವೀಣೆಗೆ ಯಾರು, ಅರ್ಜುನನ ಪಾತ್ರದವನು ಕೈಕೊಟ್ಟ ರಾತ್ರಿ ಏನು ಮಾಡಿದರು. ಟ್ರಂಕಿನಲ್ಲಿ ಪ್ರಸಂಗದ ಹಳೇ ಪುಸ್ತಕಗಳಿದ್ದರೆ ಒಂದೊಂದು ಹಾಳೆಯದೂ ಫೋಟೊ ತೆಗೆಯಿರಿ. ಪದಗಳನ್ನು ಹಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇದೇ ಕಡತದ ಪ್ರತಿ ಯಕ್ಷಗಾನ ಅಕಾಡೆಮಿಗೂ ಜಾನಪದ ಅಕಾಡೆಮಿಗೂ ಹೋಗಲಿ.

ಅಪ್ಪನಿಂದ ಕಲಿತವರಿಗೂ ಫೋನ್ ಮಾಡಿ. ಬರುವ ಜಾತ್ರೆಯಲ್ಲಿ ಆಟ ಶುರುವಾಗುವ ಮೊದಲು ಗುರುಗಳಿಗೊಂದು ಶಾಲು ಹೊದಿಸಿ ಎಂದು ಕೇಳಲು ಸಂಕೋಚ ಬೇಡ. ತಾಳ ತಪ್ಪಿದ್ದು ಹೊಸೂರಿನ ಹೋಟೆಲಿನವರಿಗೆ ಗೊತ್ತಾಗುವುದಿಲ್ಲ, ಈ ಶಿಷ್ಯರಿಗೆ ಗೊತ್ತಾಗುತ್ತದೆ.

ಮತ್ತೊಂದು ವಿಷಯ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅಪ್ಪನಿಗೆ ಅದು ಬರುತ್ತಿದೆಯೇ? ಇಲ್ಲವಾದರೆ ತುಮಕೂರಿನ ಇಲಾಖೆ ಕಚೇರಿಗೆ ಹೋಗಿ ವಿಚಾರಿಸಿ. ಕೇಳಲು ಅಪ್ಪ ನಾಚಿಕೊಂಡರೆ ಅರ್ಜಿಯನ್ನು ನೀವೇ ತುಂಬಿ, ಸಹಿ ಮಾತ್ರ ಹಾಕಿಸಿಕೊಳ್ಳಿ.