ತೋಟದ ದಾರಿಗೂ ಬೆನ್ನು ಬೇಕು: ಸಣ್ಣ ಟ್ರ್ಯಾಕ್ಟರಿನಲ್ಲೇ ಗರಸು ದಾರಿ ಸರಿಪಡಿಸುವ ಬಗೆ

ಶ್ರೀನಿವಾಸಪುರದಿಂದ ಮದನಪಲ್ಲಿ ಕಡೆಗೆ ಹೊರಟರೆ ಆಂಧ್ರದ ಗಡಿಯ ಹತ್ತಿರ ಸಿಗುವುದು ರಾಯಲ್ಪಾಡು. ಡಾಂಬರು ರಸ್ತೆಯ ಎರಡೂ ಕಡೆ ಮಾವಿನ ತೋಪುಗಳು, ನಡುನಡುವೆ ಟೊಮೆಟೊ ಹೊಲಗಳು. ತೋಪಿನೊಳಗೆ ಹೋಗಲು ಇರುವುದು ಮಾತ್ರ ಗರಸು ಹಾಕಿದ ಹತ್ತಡಿ ಅಗಲದ ದಾರಿ. ತೋತಾಪುರಿ, ಬೇನಿಷಾ, ಬಾದಾಮಿ ಯಾವುದೇ ಆಗಲಿ, ಮಂಡಿಗೆ ಹೋಗುವ ಕಾಯಿ ಮೊದಲು ಈ ದಾರಿಯನ್ನು ದಾಟಬೇಕು. ಟ್ರಾಲಿಯಲ್ಲಿ ರಾಶಿ ಹಾಕಿದ ಕಾಯಿ ಪ್ರತಿ ಗುಂಡಿಗೂ ಎದ್ದು ಬೀಳುತ್ತದೆ. ಆಗ ಬಿದ್ದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಹಣ್ಣಾಗುವಾಗ ಅದೇ ಜಾಗ ಕಪ್ಪಗೆ ಮೆತ್ತಗಾಗುತ್ತದೆ. 15 ಕಿಲೋ ಟೊಮೆಟೊ ಬಾಕ್ಸಿನ ಕತೆಯೂ ಬೇರೆಯಲ್ಲ. ವರ್ಷವಿಡೀ ಬೆವರು ಸುರಿಸಿ ಬೆಳೆದದ್ದು ತೋಟದ ಬಾಗಿಲಲ್ಲೇ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಈ ದಾರಿ ಸರಿಪಡಿಸಲು ಜೆಸಿಬಿಯೇ ಬೇಕೆಂದಿಲ್ಲ. ಮಾವಿನ ಸಾಲುಗಳ ನಡುವೆ ಉಳಲು ಅನೇಕರು ಇಟ್ಟುಕೊಂಡಿರುವ 20ರಿಂದ 27 ಎಚ್‌ಪಿಯ ಸಣ್ಣ ಟ್ರ್ಯಾಕ್ಟರು, ಹಿಂದೆ ಕಟ್ಟುವ ಲೆವೆಲಿಂಗ್ ಬ್ಲೇಡು, ಒಂದು ಕಲ್ಟಿವೇಟರು ಸಾಕು. ಬ್ಲೇಡು ಇಲ್ಲದಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಅಡ್ಡಕ್ಕೆ ತಿರುಗಿಸಿ ಪಿನ್ನು ಹಾಕಲು ಬರುವ ಬ್ಲೇಡೇ ಇರಲಿ. ನೆಟ್ಟಗೆ ನಿಲ್ಲುವ ಬ್ಲೇಡಿನಿಂದ ಈ ಕೆಲಸ ಆಗದು.

ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಬ್ಲೇಡು ಇಳಿಸಿ ದಾರಿಯ ನಡುವೆ ನೇರವಾಗಿ ಎಳೆದುಕೊಂಡು ಹೋಗುತ್ತಾರೆ. ಆ ದಿನ ದಾರಿ ನುಣ್ಣಗೆ ಕಾಣುತ್ತದೆ. ಆದರೆ ಕೆರೆದ ಮಣ್ಣು ಅಂಚಿಗೆ ಹೋಗಿ ಬದುವಾಗುತ್ತದೆ, ನಡುಭಾಗ ತಗ್ಗಾಗುತ್ತದೆ. ಮಳೆ ಬಂದರೆ ನೀರಿಗೆ ಆಚೆ ಹೋಗಲು ಜಾಗವಿಲ್ಲದೆ ದಾರಿಯಲ್ಲೇ ಹರಿಯುತ್ತದೆ. ವರ್ಷ ವರ್ಷ ಹೀಗೆ ಕೆರೆದರೆ ದಾರಿ ಹೊಲಕ್ಕಿಂತ ಕೆಳಗಿಳಿದು ಹಳ್ಳವಾಗುತ್ತದೆ. ಗರಸು ದಾರಿಯನ್ನು ಕೆಡಿಸುವುದು ಟ್ರಾಲಿಗಿಂತ ಹೆಚ್ಚಾಗಿ ನಿಂತ ನೀರು. ಆದ್ದರಿಂದ ದಾರಿಗೆ ಬೆನ್ನು ಬೇಕು: ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಹತ್ತಡಿ ದಾರಿಯಲ್ಲಿ ನಡುಭಾಗ ಅಂಚಿಗಿಂತ ಎರಡೂವರೆ ಇಂಚು ಎತ್ತರವಿದ್ದರೆ ಸಾಕು. ನಡುವಿನಿಂದ ಅಂಚಿಗೆ ಒಂದು ದಾರ ಬಿಗಿದು ಹಿಡಿದು, ಮಟ್ಟ ನೋಡಿ ಅಳೆದುಕೊಳ್ಳಿ.

ಸಮಯ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಒಣಗಿ ಕಲ್ಲಾದ ನೆಲದಲ್ಲಿ ಬ್ಲೇಡು ಜಾರುತ್ತದೆ, ಎದ್ದ ಮಣ್ಣು ಧೂಳಾಗುತ್ತದೆ. ಕೆಸರಿನಲ್ಲಿ ಚಕ್ರವೇ ದಾರಿಯನ್ನು ಕಲಸಿಬಿಡುತ್ತದೆ. ಅಶ್ವಿನಿ ಅಥವಾ ಭರಣಿ ಮಳೆ ಒಂದೆರಡು ಹದವಾಗಿ ಬಿದ್ದ ಮೇಲೆ, ಕಾಯಿ ಕೀಳುವುದು ಶುರುವಾಗುವ ಮುಂಚೆ ಮಾಡಿದರೆ ಒಳ್ಳೆಯದು. ಸ್ವಾತಿ ಮಳೆ ಮುಗಿದ ಮೇಲೆ ಇನ್ನೊಂದು ಸಲ ಸಣ್ಣದಾಗಿ ಸವರಿದರೆ ವರ್ಷದ ಕೆಲಸ ಮುಗಿಯಿತು. ಹದ ನೋಡಲು ಎರಡಿಂಚು ಅಗೆದು ಒಂದು ಹಿಡಿ ಗರಸು ತೆಗೆದುಕೊಂಡು ಬಿಗಿಯಾಗಿ ಹಿಸುಕಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು, ಅಂಗೈಗೆ ಕೆಸರು ಮೆತ್ತಬಾರದು. ಉಂಡೆಯೇ ಕಟ್ಟದಿದ್ದರೆ ಹಿಂದಿನ ಸಂಜೆ ಟ್ಯಾಂಕರಿನಿಂದ ನೀರು ಹೊಡೆಯಿಸಿ.

ಟ್ರ್ಯಾಕ್ಟರು ಹತ್ತುವ ಮೊದಲು ದಾರಿಯುದ್ದಕ್ಕೂ ಒಂದು ಸಲ ನಡೆಯಿರಿ. ನಮ್ಮ ಕಡೆ ಬೋರ್‌ವೆಲ್ಲಿನ ಕೇಬಲ್ಲು, ಡ್ರಿಪ್ಪಿನ ಮುಖ್ಯ ಪೈಪು ದಾರಿಯನ್ನು ಅಡ್ಡ ದಾಟದ ತೋಟವೇ ಅಪರೂಪ. ವರ್ಷಗಳ ಹಿಂದೆ ಒಂದಡಿ ಆಳದಲ್ಲಿ ಹೂತಿದ್ದು ಮಣ್ಣು ಸವೆದು ಈಗ ಮೂರಿಂಚು ಕೆಳಗಿರಬಹುದು. ಅಂಥ ಕಡೆ ಎರಡೂ ಅಂಚಿಗೆ ಗೂಟ ನೆಟ್ಟು, ಅಡ್ಡಲಾಗಿ ಸುಣ್ಣದ ಗೆರೆ ಎಳೆಯಿರಿ. ಗೆರೆ ಬಂದಾಗ ಕಲ್ಟಿವೇಟರಾಗಲಿ ಬ್ಲೇಡಾಗಲಿ ಎತ್ತಿ ದಾಟಿ. ಮೇಲಕ್ಕೆ ಮೂತಿ ತೋರಿಸುತ್ತಿರುವ ಗುಂಡುಕಲ್ಲುಗಳಿದ್ದರೆ ಹಾರೆಯಿಂದ ಮೊದಲೇ ಕಿತ್ತು ಹಾಕಿ.

ಇನ್ನು ಕೆಲಸ. ಗುಂಡಿಗೆ ಮೇಲಿಂದ ಮಣ್ಣು ತುಂಬಿದರೆ ನಿಲ್ಲುವುದಿಲ್ಲ, ಎರಡು ಮಳೆಗೆ ಎದ್ದುಹೋಗುತ್ತದೆ. ಗುಂಡಿಯ ತಳದವರೆಗೂ ಸುತ್ತಲ ನೆಲವನ್ನೇ ಸಡಿಲಿಸಿ ಹೊಸದಾಗಿ ಕೂರಿಸಬೇಕು. ಮೊದಲು ಕಲ್ಟಿವೇಟರ್ ಕಟ್ಟಿ, ಗುಂಡಿಯ ತಳ ಮುಟ್ಟುವಷ್ಟು, ಸಾಮಾನ್ಯವಾಗಿ ಎರಡು ಮೂರು ಇಂಚು ಆಳಕ್ಕೆ ಗೀರಿಕೊಂಡು ಹೋಗಿ. ಅದಕ್ಕೂ ಕೆಳಗಿನ ಗಟ್ಟಿ ಪದರವನ್ನು ಕದಡಬೇಡಿ.

ಆಮೇಲೆ ಬ್ಲೇಡು. ಇದರ ಜೋಡಣೆಯನ್ನು ಸ್ವಲ್ಪ ನಿಧಾನವಾಗಿ ಗಮನಿಸಿ. ಯಾವಾಗಲೂ ದಾರಿಯ ಎಡ ಅಂಚಿನಲ್ಲೇ ಹೋಗಬೇಕು. ಬ್ಲೇಡಿನ ಎಡತುದಿ ಮುಂದಕ್ಕೆ, ಬಲತುದಿ ಹಿಂದಕ್ಕೆ ಇರುವಂತೆ ಓರೆಯಾಗಿ ತಿರುಗಿಸಿ ಪಿನ್ನು ಹಾಕಿ. ಮಣ್ಣು ಯಾವಾಗಲೂ ಹಿಂದಿರುವ ತುದಿಯ ಕಡೆಗೆ ಜಾರುವುದರಿಂದ ಅಂಚಿನ ಗರಸು ತಾನಾಗಿ ನಡುವಿಗೆ ಬರುತ್ತದೆ. ಬಲಗಡೆಯ ಲಿಫ್ಟ್ ರಾಡಿನ ಹಿಡಿ ತಿರುಗಿಸಿ ಬಲತುದಿಯನ್ನು ಚೂರು ಮೇಲೆತ್ತಿ. ಆಗ ಎಡತುದಿ ಆಳಕ್ಕೆ ಕಡಿಯುತ್ತದೆ, ಇಳಿಜಾರು ಮೂಡುತ್ತದೆ. ದಾರಿಯ ಕೊನೆಯವರೆಗೂ ಹೋಗಿ, ಟ್ರ್ಯಾಕ್ಟರು ತಿರುಗಿಸಿಕೊಂಡು ಬರುವಾಗ ಮತ್ತೆ ನಿಮ್ಮ ಎಡ ಅಂಚಿನಲ್ಲೇ ಬನ್ನಿ. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು. ಬ್ಲೇಡಿನ ಜೋಡಣೆ ಬದಲಿಸುವ ಗೊಡವೆಯೇ ಇಲ್ಲ.

ಎರಡು ಮೂರು ಸುತ್ತು ಹೀಗೆ ಬಂದರೆ ನಡುವೆ ಗರಸಿನ ಒಂದು ದಿಂಡು ನಿಲ್ಲುತ್ತದೆ. ಅಂಚಿನ ಹುಲ್ಲು, ಬೇರು ಅದರೊಳಗೆ ಸೇರಿದ್ದರೆ ಕುಂಟೆಯಿಂದ ಎಳೆದು ತೆಗೆಯಿರಿ. ಬೇರು ಕೊಳೆತ ಕಡೆ ಮುಂದೆ ಮತ್ತೆ ಗುಂಡಿ ಬೀಳುತ್ತದೆ. ಈಗ ಬ್ಲೇಡನ್ನು ನೇರ ಮಾಡಿ, ನೆಲಕ್ಕಿಂತ ಎರಡಿಂಚು ಮೇಲಿಟ್ಟು, ದಿಂಡಿನ ಮೇಲೆ ಒಂದೇ ಒಂದು ಸಲ ಹಾಯಿಸಿ. ತಲೆ ತಟ್ಟಿ ಹರಡಿದಂತಾಗಬೇಕು, ಅಷ್ಟೆ.

ಇಷ್ಟೂ ಹೊತ್ತು ಲೋ ಗೇರಿನಲ್ಲೇ ಇರಿ, ಮನುಷ್ಯ ನಡೆಯುವ ವೇಗ ಮೀರಬೇಡಿ. ಅವಸರ ಮಾಡಿದರೆ ಬ್ಲೇಡು ಕುಣಿದು ದಾರಿಯ ಮೇಲೆ ಅಲೆ ಅಲೆ ಬರೆಯುತ್ತದೆ. ಹೈಡ್ರಾಲಿಕ್ಕಿನಲ್ಲಿ ಎರಡು ಲಿವರ್ ಇದ್ದರೆ ಪೊಸಿಷನ್ ಲಿವರನ್ನು ಬಳಸಿ. ಡ್ರಾಫ್ಟ್ ಲಿವರ್ ಉಳುಮೆಗೆ ಸರಿ. ಇಲ್ಲಿ ಅದು ಗಟ್ಟಿ ನೆಲ ಸಿಕ್ಕಾಗಲೆಲ್ಲ ಬ್ಲೇಡನ್ನು ಎತ್ತಿ ಇಳಿಸಿ ಏರುಪೇರು ಮಾಡುತ್ತದೆ.

ಗರಸು ಸಾಲದಿದ್ದರೆ ಹೊಸದು ತರಬೇಕು. ಲೆಕ್ಕ ಸುಲಭ: ಹತ್ತಡಿ ಅಗಲ, ನೂರಡಿ ಉದ್ದ, ಮೂರಿಂಚು ದಪ್ಪಕ್ಕೆ 250 ಘನ ಅಡಿ. ಒಂದು ಟ್ರಾಲಿಗೆ ಸುಮಾರು 100 ಘನ ಅಡಿ ಎಂದರೆ ಎರಡೂವರೆ ಲೋಡು. ಬರೀ 20 ಎಂಎಂ ಜಲ್ಲಿ ಸುರಿಯಬೇಡಿ, ಅದು ಗೋಲಿಯಂತೆ ಉರುಳಿ ಅಂಚಿಗೆ ಸೇರುತ್ತದೆ. ಕಲ್ಲು, ಮರಳು, ಹಿಡಿದಿಡಲು ಸ್ವಲ್ಪ ಕೆಂಪು ಜೇಡಿ ಮೂರೂ ಬೆರೆತದ್ದೇ ಗರಸು. ಗೋಮಾಳದಿಂದಲೋ ಕೆರೆಯಂಗಳದಿಂದಲೋ ಅನುಮತಿ ಇಲ್ಲದೆ ಅಗೆಯಬೇಡಿ. ಕೆರೆಗಳನ್ನೇ ನಂಬಿದ ಜಿಲ್ಲೆ ನಮ್ಮದು.

ಕೊನೆಗೆ ಕೂರಿಸುವುದು. ರೋಲರ್ ಇದ್ದರೆ ಸರಿ. ಇಲ್ಲದಿದ್ದರೆ ತುಂಬಿದ ಟ್ರಾಲಿ ಕಟ್ಟಿಕೊಂಡು, ಪ್ರತಿ ಸಲವೂ ಚಕ್ರದ ಜಾಡು ಒಂದು ಗೇಣು ಬದಲಿಸುತ್ತ ಹತ್ತಾರು ಸಲ ಓಡಾಡಿ. ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ. ಒಂದೇ ಜಾಡಿನಲ್ಲಿ ಓಡಾಡಿದರೆ ಮೂಡಿಸಿದ ಬೆನ್ನು ಅಂದೇ ಮುರಿಯುತ್ತದೆ.

ಇಳಿಜಾರಿನ ದಾರಿಗೆ ಬೆನ್ನೊಂದೇ ಸಾಲದು. 50ರಿಂದ 100 ಅಡಿಗೊಂದರಂತೆ ಓರೆಯಾಗಿ, ಚಕ್ರಕ್ಕೆ ತಟ್ಟದಷ್ಟು ತಗ್ಗಿನ ಅಡ್ಡಗಟ್ಟೆ ಹಾಕಿ ನೀರನ್ನು ಹೊರಗೆ ತಿರುಗಿಸಿ. ಆ ನೀರನ್ನು ಪಕ್ಕದವರ ಹೊಲಕ್ಕೆ ಬಿಡುವುದು ಜಗಳಕ್ಕೆ ದಾರಿ. ನಿಮ್ಮ ಕೃಷಿ ಹೊಂಡಕ್ಕೋ ಮಾವಿನ ಪಾತಿಗೋ ತಿರುಗಿಸಿ, ಹೊಂಡದ ಮುಂದೆ ಹೂಳು ತಂಗಲು ಒಂದು ಸಣ್ಣ ಗುಂಡಿ ಇರಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ದಾರಿಯ ನೀರೂ ಬೆಲೆಯುಳ್ಳದ್ದು. ದಾರಿ ಹಲವರಿಗೆ ಸೇರಿದ ಬಂಡಿದಾರಿಯಾದರೆ ಬದು ಮುಟ್ಟುವ ಮೊದಲು ಪಕ್ಕದವರನ್ನು ಕರೆದು ತೋರಿಸಿ. ಖರ್ಚು ಹಂಚಿಕೊಳ್ಳಲೂ ಅದೇ ಒಳ್ಳೆಯ ಸಮಯ.

ಅಮೆರಿಕ, ಕೆನಡಾಗಳಲ್ಲಿ ಊರಾಚೆ ಮನೆ ಮಾಡಿದವರು ಚಳಿಗಾಲದಲ್ಲಿ ಇಂಥದೇ ಸಣ್ಣ ಟ್ರ್ಯಾಕ್ಟರು, ಇಂಥದೇ ಬ್ಲೇಡಿನಿಂದ ಅಂಗಳದ ಜಲ್ಲಿ ದಾರಿಯ ಹಿಮ ತಳ್ಳುತ್ತಾರೆ. ಹಿಮದ ಜತೆ ಜಲ್ಲಿಯೂ ಹೋಗಬಾರದೆಂದು ಬ್ಲೇಡಿನ ಕೆಳಗೆ ಕಬ್ಬಿಣದ ಪಾದಗಳನ್ನು ಜೋಡಿಸಿ, ಅಂಚು ನೆಲಕ್ಕಿಂತ ಒಂದಿಂಚು ಮೇಲೆ ನಿಲ್ಲುವಂತೆ ಮಾಡುತ್ತಾರೆ. ಅದನ್ನು ನಾವೂ ಕಲಿಯಬಹುದು. ಮಳೆಗೆ ಹೊಲದಿಂದ ಕೊಚ್ಚಿ ಬಂದ ಮೆಕ್ಕಲು ದಾರಿಯ ಮೇಲೆ ಕೂತಾಗ ಅಂಥ ಪಾದ ಹಾಕಿಕೊಂಡು ಎಳೆದರೆ ಮೆಕ್ಕಲು ಮಾತ್ರ ಹೋಗುತ್ತದೆ, ದುಡ್ಡು ಕೊಟ್ಟು ತಂದ ಗರಸು ಉಳಿಯುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬೇಡಿ. ಈ ಕೆಲಸದಲ್ಲಿ ಮತ್ತೆ ಮತ್ತೆ ರಿವರ್ಸ್ ಬರುವುದರಿಂದ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಹೊಂಡದ, ಕಾಲುವೆಯ ಅಂಚಿಗೆ ಚಕ್ರ ಒಯ್ಯಬೇಡಿ, ನೆನೆದ ಮಣ್ಣು ಹೇಳದೆ ಕುಸಿಯುತ್ತದೆ. ಇಳಿಯುವ ಮೊದಲು ಬ್ಲೇಡನ್ನು ನೆಲಕ್ಕಿಳಿಸಿ ಎಂಜಿನ್ ಆರಿಸಿ.

ಕೆಲಸ ಮುಗಿದ ಮೇಲೆ ಮೊದಲ ಜೋರು ಮಳೆ ಬಂದಾಗ ಮನೆಯಲ್ಲಿ ಕೂರಬೇಡಿ. ಗೋಣಿ ಕೊಪ್ಪೆ ಹಾಕಿಕೊಂಡು, ಸನಿಕೆ ಹಿಡಿದು ದಾರಿಗೆ ಹೋಗಿ ನಿಲ್ಲಿ. ಸಿಡಿಲಿದ್ದರೆ ಅದು ನಿಂತ ಮೇಲೆ ಹೋಗಿ. ನೀರು ಎಲ್ಲಿ ತಡೆಯುತ್ತದೋ ಅಲ್ಲಿ ಅಂಚನ್ನು ಒಂದು ಗೇಣು ಕಡಿದು ದಾರಿ ಮಾಡಿಕೊಡಿ, ಪಕ್ಕದಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ. ಮುಂದಿನ ಸಲ ಬ್ಲೇಡು ಇಳಿಸಬೇಕಾದದ್ದು ಅಲ್ಲೇ.