ದಣಿದ ರಾತ್ರಿ ತೀರ್ಮಾನ ಬೇಡ

ಮಕ್ಕಳೇ, ದಂಡೋತಿಯ ಕಟ್ಟೆಯ ಮೇಲೆ, ಚಿತ್ತಾಪುರದ ಬಸ್ಸಿನಲ್ಲಿ, ವಾಡಿ ಸ್ಟೇಷನ್ನಿನಲ್ಲಿ ನಿಮ್ಮ ಬಾಯಿಂದ ಒಂದೇ ಮಾತು ಕೇಳುತ್ತಿದ್ದೇನೆ: ‘ಸಾಕಾಗ್ಯಾದ, ಇನ್ನ ಆಗಲ್ಲ.’ ಗಣಿತದಲ್ಲಿ ಫೇಲಾದ ಹುಡುಗಿ ಹಾಗೆ ಅನ್ನುತ್ತಾಳೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ವರ್ಷಗಟ್ಟಲೆ ಓದಿದವನು ಹಾಗೆ ಅನ್ನುತ್ತಾನೆ. ಹಗಲೆಲ್ಲ ಫರಸಿ ಕಲ್ಲು ಹೊತ್ತು ರಾತ್ರಿ ಪುಸ್ತಕ ಹಿಡಿಯುವವನೂ ಅನ್ನುತ್ತಾನೆ. ನಿಮ್ಮ ದಣಿವು ಸುಳ್ಳಲ್ಲ. ಅದನ್ನು ಮೈಗಳ್ಳತನ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

1972ರ ಬರ ಕಂಡವರು ನಮ್ಮ ಕಡೆ ಇನ್ನೂ ಇದ್ದಾರೆ. ಆ ದಣಿವನ್ನು ಹೇಗೆ ದಾಟಿದಿರಿ ಅಂತ ಒಂದು ಸಂಜೆ ಅವರ ಹತ್ತಿರ ಕೂತು ಕೇಳಿ. ಬರಗಾಲದ ಕೆಲಸಕ್ಕೆ ಹೋದವರು ಕೆರೆಯ ಮಣ್ಣು ಹೊತ್ತರು, ರಸ್ತೆಗೆ ಖಡಿ ಒಡೆದರು. ಮಧ್ಯಾಹ್ನವಾದರೆ ಬುಟ್ಟಿ ಬೋರಲು ಹಾಕಿ ಬೇವಿನ ನೆರಳಲ್ಲಿ ಅಡ್ಡಾಗುತ್ತಿದ್ದರು. ರೊಟ್ಟಿ ಇದ್ದವರು ಇಲ್ಲದವರಿಗೆ ಮುರಿದು ಕೊಡುತ್ತಿದ್ದರು. ಬಿಸಿಲು ಇಳಿದ ಮೇಲೆ ಮತ್ತೆ ಎದ್ದು ಅವತ್ತಿನ ಪಾಲಿನ ಮಣ್ಣು ತೆಗೆಯುತ್ತಿದ್ದರು. ಬರ ಯಾವಾಗ ಮುಗಿದೀತು ಅಂತ ದಿನವೂ ಲೆಕ್ಕ ಹಾಕುತ್ತ ಕೂತಿದ್ದರೆ ಅವರ ಕೈ ಮೇಲೆ ಏಳುತ್ತಿರಲಿಲ್ಲ.

ನೀವು ದಣಿದಾಗ ಏನು ಮಾಡುತ್ತೀರಿ? ಮಲಗುವುದಿಲ್ಲ. ಹಾಸಿಗೆಯಲ್ಲಿ ರಾತ್ರಿ ಎರಡರವರೆಗೆ ಮೊಬೈಲ್ ತಿಕ್ಕುತ್ತೀರಿ. ಕೆಲವರು ಗುಟ್ಕಾ ಹಾಕುತ್ತೀರಿ, ಕೆಲವರು ಹೋದ ದುಡ್ಡು ಮರಳಿ ಬರಲಿ ಅಂತ ಬೆಟ್ಟಿಂಗ್ ಆಡುತ್ತೀರಿ. ಆಮೇಲೆ ಅದೇ ಕೆಂಪು ಕಣ್ಣಲ್ಲಿ ‘ಕಾಲೇಜು ಬಿಡ್ತೀನಿ, ಪುಣೆಗೆ ಹೋಗ್ತೀನಿ’ ಅಂತ ತೀರ್ಮಾನ ಮಾಡುತ್ತೀರಿ. ದುಡಿಯಲು ಹೋಗುವುದು ತಪ್ಪಲ್ಲ. ಆದರೆ ಅಂಥ ತೀರ್ಮಾನವನ್ನು ನಿದ್ದೆಗೆಟ್ಟ ತಲೆಯಲ್ಲಿ ಮಾಡಬೇಡಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಉಂಡು ಮಲಗಿ. ಬೆಳಗಿನ ಚಹಾ ಆದಮೇಲೂ ಅದೇ ಸರಿ ಅನ್ನಿಸಿದರೆ ಮನೆಯವರ ಮುಂದೆ ಮಾತಾಡಿ.

ಬಿದ್ದ ಮೇಲೆ ಮತ್ತೆ ಶುರು ಮಾಡುವುದು ಹೇಗೆ ಅಂತ ನಮ್ಮ ರೈತರನ್ನು ನೋಡಿ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಾಗ ಎಷ್ಟು ಹಿಗ್ಗಿದ್ದೆವು! 2022ರಲ್ಲಿ ಅದೇ ತೊಗರಿ ನೆಟೆ ರೋಗ ಬಿದ್ದು ನಿಂತಲ್ಲೇ ಒಣಗಿತು. ಮುಂದಿನ ಮುಂಗಾರಿಗೆ ರೈತರು ಮತ್ತೆ ಬಿತ್ತಿದರು. ಆದರೆ ಎಲ್ಲರೂ ಹಳೆಯ ಹಾಗೆ ಬಿತ್ತಲಿಲ್ಲ. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂದು ತಿಳಿದವರು ಬೀಜಕ್ಕೆ ಟ್ರೈಕೋಡರ್ಮಾ ಉಪಚಾರ ಮಾಡಿದರು, ಹೊಲದಲ್ಲಿ ಬೆಳೆ ಬದಲಿಸಿದರು. ಓದಿನಲ್ಲೂ ಇಷ್ಟು ಮಾಡಿ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಕೊನೆಯ ಸ್ಥಾನ, ಬಂದದ್ದು ಶೇ 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳು ಎಡವಿದ ಕಡೆ ಬರೀ ಮಕ್ಕಳ ತಲೆ ಸರಿಯಿಲ್ಲ ಅನ್ನುವುದು ಅನ್ಯಾಯ. ಫೇಲಾದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆಯಲ್ಲ, ಅದನ್ನು ಬಿಡಬೇಡಿ. ಆದರೆ ಅದೇ ಪುಸ್ತಕವನ್ನು ಅದೇ ರೀತಿ ಮತ್ತೆ ಉರು ಹೊಡೆಯಬೇಡಿ. ಯಾವ ಪಾಠದಲ್ಲಿ ಅಂಕ ಹೋಯಿತು, ಯಾಕೆ ಹೋಯಿತು, ಮಾಸ್ತರರನ್ನು ಕೇಳಿ.

ಕೇಳುವುದಕ್ಕೆ ನಿಮಗೆ ನಾಚಿಕೆ. ನನಗೆ ಹೆಚ್ಚು ಚಿಂತೆ ಇದರದೇ. ಇದಕ್ಕೆ ನಮ್ಮ ಕಡೆಯದೇ ಒಂದು ಹಳೆಯ ಕಥೆ ಕೇಳಿ. ನಮ್ಮೂರ ಕಾಗಿಣಾ ನದಿ ಮಳಖೇಡವನ್ನು ದಾಟಿ ಬರುತ್ತದೆ. ಅಲ್ಲಿ ಆಳಿದ ರಾಷ್ಟ್ರಕೂಟ ಅಮೋಘವರ್ಷ ಪಟ್ಟಕ್ಕೆ ಬಂದದ್ದು ಕ್ರಿ.ಶ. 814ರ ಸುಮಾರಿಗೆ, ಇನ್ನೂ ನಿಮ್ಮಂಥ ಹುಡುಗನಾಗಿದ್ದಾಗ. ಬಂಡುಕೋರರು ಅವನನ್ನು ಸಿಂಹಾಸನದಿಂದ ಇಳಿಸಿಬಿಟ್ಟರು. ಗುಜರಾತಿನ ಕಡೆಯ ದಾಯಾದಿ ಕರ್ಕ ಬೆನ್ನಿಗೆ ನಿಂತ ಮೇಲೆ, 821ರ ಹೊತ್ತಿಗೆ ಅವನು ಮತ್ತೆ ಪಟ್ಟ ಏರಿದ. ಸುಮಾರು 64 ವರ್ಷ ಆಳಿದ. ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿಯೇ. ನಡುನಡುವೆ ರಾಜ್ಯಭಾರ ಬದಿಗಿಟ್ಟು ಏಕಾಂತಕ್ಕೆ ಹೋಗುತ್ತಿದ್ದನೆಂದೂ ಇತಿಹಾಸಕಾರರು ಹೇಳುತ್ತಾರೆ. ಅಂಥ ದೊರೆಗೇ ಇನ್ನೊಬ್ಬರ ಕೈ ಬೇಕಾಯಿತು, ವಿಶ್ರಾಂತಿಯೂ ಬೇಕಾಯಿತು. ನಿಮಗೆ ಬೇಕಾದರೆ ಅದರಲ್ಲಿ ಅವಮಾನ ಏನಿದೆ?

ಆದ್ದರಿಂದ ಅಪ್ಪನಿಗೆ ಹೇಳಲಾಗದಿದ್ದರೆ ಅವ್ವನಿಗೆ ಹೇಳಿ, ಅಕ್ಕನಿಗೆ ಹೇಳಿ, ನಂಬಿದ ಮಾಸ್ತರರಿಗೆ ಹೇಳಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸಿದರೆ ಅದು ಬರೀ ದಣಿವಲ್ಲ, ಡಾಕ್ಟರರು ನೋಡಬೇಕಾದದ್ದು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು, ಸದ್ಯ ಗಟ್ಟಿಯಾಗಿ ನಿಂತಿರುವವರಿಗೆ ಒಂದು ಮಾತು. ನಿಮ್ಮ ಗೆಳೆಯ ಫಲಿತಾಂಶ ಬಂದ ಮೇಲೆ ಕಟ್ಟೆಗೆ ಬರುವುದು ಬಿಟ್ಟಿದ್ದರೆ ಫೋನಿನಲ್ಲಿ ಮೆಸೇಜ್ ಹಾಕಿ ಸುಮ್ಮನಾಗಬೇಡಿ. ಇವತ್ತು ಸಂಜೆ ಅವನ ಮನೆಗೆ ಹೋಗಿ. ಬುದ್ಧಿ ಹೇಳಬೇಡಿ, ಅವನು ಹೇಳಿದಷ್ಟು ಕೇಳಿ. ನಾಳೆ ಹೋಗುವಾಗ ಗಣಿತದ ಪುಸ್ತಕ ಕೈಯಲ್ಲಿರಲಿ. ಅವನು ಒಪ್ಪಿದರೆ ಇಬ್ಬರೂ ಕೂತು ಒಂದೇ ಒಂದು ಲೆಕ್ಕ ಬಿಡಿಸಿ.