ಫ್ರೀಜರಿನಲ್ಲಿ ಐಸ್ ಗುಡ್ಡ: ಚಾಕು ಹಿಡಿಯುವ ಮುನ್ನ

ಮಾರ್ಗಶಿರ ಕಳೆಯುವ ಹೊತ್ತಿಗೆ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಮನೆಗಳ ಫ್ರೀಜರ್ ತುಂಬ ಹಿತಕಿದ ಬೇಳೆ. ಅವರೆಯ ಸೊಗಡು ಎರಡು ಮೂರು ತಿಂಗಳದ್ದು. ನೆನೆಸಿ, ಹಿತುಕಿ, ಕವರಿಗೆ ತುಂಬಿಟ್ಟರೆ ಯುಗಾದಿ ದಾಟಿದ ಮೇಲೂ ಸಾರಿಗೆ ಬರುತ್ತದೆ. ಫ್ರಿಜ್ ಕೈಕೊಡುವುದೂ ಆಗಲೇ. ನೀರು ಆರದ ಬೇಳೆ, ಒತ್ತೊತ್ತಾಗಿ ತುರುಕಿದ ಕವರು, ಗಳಿಗೆಗೊಮ್ಮೆ ತೆರೆಯುವ ಬಾಗಿಲು ಸೇರಿದರೆ ಐಸ್ ಬೆಳೆಯದೆ ಇನ್ನೇನು?

ಒಂದೇ ಬಾಗಿಲಿನ ಫ್ರಿಜ್ ಆದರೆ ಅದು ಬಹುಮಟ್ಟಿಗೆ ಡೈರೆಕ್ಟ್ ಕೂಲ್. ಐಸ್ ಅರ್ಧ ಸೆಂಟಿಮೀಟರ್ ದಪ್ಪವಾದಾಗ ಫ್ರೀಜರ್ ಖಾಲಿ ಮಾಡಿ, ಥರ್ಮೋಸ್ಟಾಟ್ ತಿರುಗಣೆಯ ನಡುವಿನ ಗುಂಡಿ ಒತ್ತಿ ಮಲಗಿ. ಕರಗಿದ ಮೇಲೆ ಗುಂಡಿ ತಾನೇ ಹೊರಬಂದು ಕಂಪ್ರೆಸರ್ ಶುರುವಾಗುತ್ತದೆ. ನೀರು ಹಿಂಬದಿಯ ತಟ್ಟೆಗೆ ಇಳಿಯುತ್ತದೆ. ಆ ತಟ್ಟೆ ಡೆಂಗಿ ಸೊಳ್ಳೆಗೆ ಮೆಚ್ಚಿನ ತೊಟ್ಟಿಲು, ವಾರಕ್ಕೊಮ್ಮೆ ಚೆಲ್ಲಿ ತೊಳೆಯಿರಿ.

ಚಾಕು ಮಾತ್ರ ಬೇಡ. ಶಿಡ್ಲಘಟ್ಟದ ನಮ್ಮ ಸೋದರತ್ತೆ ಅಂಟಿಕೊಂಡ ಕವರನ್ನು ಮೀಟಲು ಹೋಗಿ 'ಉಸ್' ಎಂದು ಗ್ಯಾಸ್ ಕಳಕೊಂಡರು. ಫ್ರೀಜರಿನ ಅಲ್ಯೂಮಿನಿಯಂ ಗೋಡೆಯೊಳಗೇ ಗ್ಯಾಸಿನ ದಾರಿ ಇರುತ್ತದೆ. ಹಿಂದಿನ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಅದು ಐಸೊಬ್ಯೂಟೇನ್, ಬೆಂಕಿ ಹತ್ತುವ ಅನಿಲ. ಉಸ್ ಎಂದರೆ ಕಿಟಕಿ ತೆರೆಯಿರಿ. ಸ್ವಿಚ್ಚು, ಕಡ್ಡಿಪೆಟ್ಟಿಗೆ ಮುಟ್ಟಬೇಡಿ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜಿನ ಕಾಯಿಲೆ ಕಣ್ಣಿಗೆ ಕಾಣದು. ಮೇಲೆ ಐಸ್‌ಕ್ರೀಮ್ ಗಟ್ಟಿಯಾಗೇ ಇರುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ ಕಾಯಿಲ್ ಮೇಲೆ ಹಿಮ ಕಟ್ಟಿ, ಫ್ಯಾನಿನ ತಂಪು ಗಾಳಿ ಕೆಳಗೆ ಇಳಿಯುತ್ತಿಲ್ಲ ಎಂದರ್ಥ. 'ಗ್ಯಾಸ್ ಹೋಗಿದೆ ಸಾರ್' ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಒಂದು ದಿನ ತಡೆಯಿರಿ.

ಪ್ಲಗ್ ಕಿತ್ತು, ಸಾಮಾನು ತೆಗೆದು, ಎರಡೂ ಬಾಗಿಲು ತೆರೆದಿಟ್ಟು ಕೆಳಗೆ ಹಳೇ ಪಂಚೆ ಹಾಸಿ. 24 ಗಂಟೆ ಬಿಟ್ಟು ಚಾಲೂ ಮಾಡಿ. ಕೆಳಗೂ ತಂಪಾಗಿ, ಒಂದೆರಡು ವಾರಕ್ಕೆ ಮತ್ತೆ ಅದೇ ಕಥೆಯಾದರೆ ಗ್ಯಾಸಿನ ತಪ್ಪಿಲ್ಲ. ಐಸ್ ಕರಗಿಸುವ ಹೀಟರ್, ಬೈಮೆಟಲ್ ಅಥವಾ ಟೈಮರ್ ಕೆಟ್ಟಿರುವ ಸಂಭವವೇ ಹೆಚ್ಚು. ಕರಗಿಸಿದ ಮೇಲೂ ಮೇಲೆ ಕೆಳಗೆ ಎಲ್ಲೂ ತಂಪಾಗದಿದ್ದರೆ ಆಗ ಗ್ಯಾಸು, ಕಂಪ್ರೆಸರಿನ ಮಾತು.

ಹಳೆಯ ಮಾದರಿಗಳಲ್ಲಿ ಟೈಮರ್ ಪುಟ್ಟ ಗಡಿಯಾರದಂತೆ. ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಮತ್ತೆ ಹಿಮ ಕಟ್ಟಿದಾಗ ಪ್ಲಗ್ ಕಿತ್ತು, ಸ್ಕ್ರೂಡ್ರೈವರಿನಿಂದ ಅದನ್ನು ಗಡಿಯಾರದ ದಿಕ್ಕಿಗೆ 'ಟಕ್' ಎನ್ನುವ ತನಕ ತಿರುಗಿಸಿ, ಪ್ಲಗ್ ಹಾಕಿ. ಕಂಪ್ರೆಸರ್ ಸುಮ್ಮನಾಗಿ, ಒಳಗೆ ಐಸ್ ಚಿಟಿಚಿಟಿ ಎಂದು ಕರಗತೊಡಗಿದರೆ ಹೀಟರ್ ಚೆನ್ನಾಗಿದೆ, ಬದಲಿಸಬೇಕಾದ್ದು ಟೈಮರ್. ಕರಗದಿದ್ದರೆ ಪ್ಲಗ್ ಕಿತ್ತು, ಹಲಗೆ ಬಿಚ್ಚಿ, ಹೀಟರಿನ ತಂತಿ ಕಳಚಿ ಮಲ್ಟಿಮೀಟರ್ ಇಡಿ. 200 ವ್ಯಾಟಿನ ಹೀಟರ್ ಸುಮಾರು 265 ಓಮ್ ತೋರಬೇಕು. ಏನೂ ತೋರದಿದ್ದರೆ ಸುಟ್ಟಿದೆ. ಬೈಮೆಟಲ್ಲನ್ನು ತಣ್ಣಗಿರುವಾಗಲೇ ನೋಡಿ. ಬೆಚ್ಚಗಾದರೆ ಸಂಪರ್ಕ ಬಿಡುವುದೇ ಅದರ ಗುಣ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು, ಟೈಮರ್ ಬದಲು ಬೋರ್ಡ್ ಇರುವ ಹೊಸ ಫ್ರಿಜ್ಜಿನವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ. ಆದರೆ ನೀವು ಕಂಡದ್ದನ್ನೆಲ್ಲ ಹೇಳಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ತರಕಾರಿ ಡಬ್ಬಿಯಡಿ ನೀರು ನಿಂತರೆ ಅದು ಬೇರೆ ರೋಗ: ನೀರಿಳಿಯುವ ತೂತು ಕಟ್ಟಿದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಹಾಯಿಸಿ. ಬಾಗಿಲಿನ ರಬ್ಬರಿಗೆ 10 ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ; ಸಲೀಸಾಗಿ ಬಂದರೆ ರಬ್ಬರ್ ತೊಳೆಯಿರಿ, ಆಗಲೂ ಹಿಡಿಯದಿದ್ದರೆ ಬದಲಿಸಿ.

ಇನ್ನು ಬೇಳೆ. ಹಿತುಕಿದ ಮೇಲೆ ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಕವರನ್ನು ಚಪ್ಪಟೆ ಮಾಡಿ ಅಡ್ಡಡ್ಡ ಜೋಡಿಸಿ. ಹಿಂಬದಿಯ ಗಾಳಿಕಿಂಡಿಯ ಮುಂದೆ ನಾಲ್ಕು ಬೆರಳು ಜಾಗ ಬಿಡಿ, ಅಲ್ಲಿಗೆ ಇನ್ನೊಂದು ಕವರು ಹಿಡಿಯುತ್ತದೆ ಅನ್ನಿಸಿದರೂ.